ಪಾರ್ಕೂರಿಗೆ ಬಸ್ಸಿಲ್ಲ

ಜೆರೋಮನ ಕಾಲಿನ ಎಲುಬು ಕೂಡಿದೆ ಎಂದು ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಅವನ ಹೆಂಡತಿ ಜಾನೆಟ್ ಅದೇ ಆಸ್ಪತ್ರೆಯಲ್ಲಿ ನರ್ಸ್. ಅವಳೂ ನೋಡಿ ಹೌದೆಂದಳು. ಎಲುಬಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಕಾಲು ನೆಲ ಬಿಟ್ಟು ಏಳುವುದಿಲ್ಲ ಎಂಬುದನ್ನು ಯಾವ ಎಕ್ಸ್‌ರೇಯಲ್ಲಿ ತೋರಿಸುವುದು?

ಅವನು ಸಿಟಿ ಬಸ್ಸಿನ ಕಂಡಕ್ಟರ್. ಮಂಗಳೂರಿನಲ್ಲಿ ಆ ಕೆಲಸಕ್ಕೆ ಟಿಕೆಟ್ ಹರಿಯಲು ಬಂದರೆ ಸಾಕಾಗುವುದಿಲ್ಲ. ಬಸ್ಸು ನಿಲ್ಲುವ ಮೊದಲೇ ಇಳಿದಿರಬೇಕು, ಹೊರಟ ಮೇಲೆಯೇ ಹತ್ತಬೇಕು. ಸ್ಟಾಪಿನ ಉದ್ದಕ್ಕೂ ಓಡುತ್ತಾ ಊರಿನ ಹೆಸರು ಕೂಗಿ, ಮುದುಕಿಯರನ್ನು ಚೀಲ ಸಮೇತ ಒಳಗೆ ದೂಡಿ, ಬಸ್ಸಿನ ಮೈಗೆ ಅಂಗೈಯಿಂದ ಬಡಿದು "ರೈಟ್, ಪೋಯಿ" ಅನ್ನಬೇಕು. ಹೊರಡು ಎಂದು ಅರ್ಥ. ಡ್ರೈವರ್ ಶುಕೂರ್ ಆ ಮಾತಿಗೇ ಕಾದವನಂತೆ ಗೇರು ಹಾಕುತ್ತಿದ್ದ, ಬಸ್ಸು ಮುಂದೆ ಹೋಗುತ್ತಿತ್ತು, ಜೆರೋಮ್ ಒಂದು ಕೈಯಲ್ಲಿ ಸರಳು ಹಿಡಿದು ಹಕ್ಕಿ ಕೂತಂತೆ ಮೆಟ್ಟಿಲಿಗೆ ಬರುತ್ತಿದ್ದ. ಕಾಲೇಜಿನ ಹುಡುಗರು ಅದನ್ನು ನೋಡಲಿಕ್ಕೆಂದೇ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ನೋಡಲಿ ಎಂದೇ ಅವನೂ ಹಾರುತ್ತಿದ್ದ.

ನಂತೂರು ಸರ್ಕಲಿನಲ್ಲಿ ಒಂದು ದಿನ ಅವನು ರೈಟ್ ಹೇಳಿ ಹಾರಿದಾಗ ಮೆಟ್ಟಿಲು ಒದ್ದೆಯಿತ್ತು. ಜಾರಿದ. ಸರಳು ಹಿಡಿದ ಕೈ ಬಿಡಲಿಲ್ಲ, ಬಸ್ಸು ಎಳೆದುಕೊಂಡು ಹೋಯಿತು. ಹಿಂದಿನ ಚಕ್ರ ಕಾಲನ್ನು ಮಾತ್ರ ಮುಟ್ಟಿ ಬಿಟ್ಟಿತು.

ಗುಣವಾದ ಮೇಲೆ ಕೆಲಸಕ್ಕೆ ಹೋದ ಮೊದಲ ದಿನ, ಕೊಡಿಯಾಲ್‌ಬೈಲ್ ಸ್ಟಾಪಿನಲ್ಲಿ ಎಂದಿನಂತೆ ಇಳಿದ, ಕೂಗಿದ, ಬಸ್ಸಿಗೆ ಬಡಿದ. "ರೈಟ್, ಪೋಯಿ." ಬಸ್ಸು ಹೋಯಿತು. ಜೆರೋಮ್ ಹೋಗಲಿಲ್ಲ. ಕೊರಳಿನಲ್ಲಿ ಚೀಲ, ಕೈಯಲ್ಲಿ ಟಿಕೆಟ್, ನಡು ರಸ್ತೆಯಲ್ಲಿ ಕಂಬದ ಹಾಗೆ ನಿಂತಿದ್ದ. ಹಿಂದಿನ ಗಾಜಿನಲ್ಲಿ ಅದೇ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಕಂಡಕ್ಟರನನ್ನೇ ಬಿಟ್ಟು ಹೋದ ಬಸ್ಸು ಎಂದು ಆ ಸಂಜೆ ಎಲ್ಲರ ಮೊಬೈಲಿನಲ್ಲೂ ಅವನೇ. ಒಬ್ಬನಿಗಾದರೂ ಇವನ ಕಾಲಿಗೆ ಎಂತ ಆಯಿತು ಎಂದು ಕೇಳಬೇಕು ಅನ್ನಿಸಿತೋ? ಇಲ್ಲ. ಕೂತು ಮಾಡುವ ಕೆಲಸ ಏನಾದರೂ ನೋಡಿಕೋ ಎಂದರು ಬಸ್ಸಿನ ಮಾಲಕರು.

ಕೂತು ಮಾಡುವ ಕೆಲಸ ಬಂದರ್‌ನಲ್ಲಿ ಸಿಕ್ಕಿತು. ಒಣಮೆಣಸಿನ ಗೋದಾಮು. ತೂಕದ ಯಂತ್ರದ ಪಕ್ಕ ಸ್ಟೂಲು ಹಾಕಿ ಕೂತು ಇಡೀ ದಿನ ಸೀನುವುದು.

ಅಲ್ಲಿ ಕೂತೇ ಅವನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದು. ಯಾವುದೋ ದೇಶದ ಹುಡುಗರು ಗೋಡೆಯಿಂದ ಗೋಡೆಗೆ, ಕಟ್ಟೆಯಿಂದ ಕಟ್ಟೆಗೆ ಹಾರುತ್ತಿದ್ದರು. ಅದಕ್ಕೆ ಪಾರ್ಕೂರ್ ಅನ್ನುತ್ತಾರಂತೆ. ಕಲಿಸುವ ಮನುಷ್ಯ ಹೇಳುತ್ತಿದ್ದ: ಹೆದರಿಕೆ ಇದ್ದರೆ ಸಣ್ಣದರಿಂದ ಶುರುಮಾಡಿ, ಜನರ ನಡುವೆಯೇ ಮಾಡಿ, ಸ್ವಲ್ಪ ಹೊತ್ತಿಗೆ ಯಾರೂ ನಿಮ್ಮನ್ನು ನೋಡುವುದಿಲ್ಲ. ಆ ಮನುಷ್ಯ ಬಂದರ್ ನೋಡಿದವನಲ್ಲ. ಇಲ್ಲಿ ಒಂದು ಲಾರಿ ರಿವರ್ಸ್ ಬಂದರೆ ಸಾಕು, ಕೆಲಸ ಬಿಟ್ಟು ನೋಡುವವರ ಸಂತೆ.

ಗೋದಾಮಿನ ಮುಂದೆ ಎದುರು ಬದುರು ಎರಡು ಕಟ್ಟೆಗಳು, ನಡುವೆ ಚರಂಡಿ. ಹಮಾಲಿಗಳು ಅಡ್ಡಕ್ಕೆ ಹಲಗೆ ಹಾಕಿ ಮೂಟೆ ದಾಟಿಸುತ್ತಾರೆ. ಊಟದ ಬಿಡುವಿನಲ್ಲಿ ಜೆರೋಮ್ ಆ ಹಲಗೆ ಸರಿಸಿ ಕಟ್ಟೆಯ ಅಂಚಿಗೆ ಬಂದು ನಿಲ್ಲತೊಡಗಿದ. ಮೊದಲಾದರೆ ಕಣ್ಣು ಮುಚ್ಚಿ ಹಾರುವಷ್ಟು ಅಂತರ. ಈಗ ಹಳೆಯ ನೋವು ಇಲ್ಲದ ಜಾಗದಲ್ಲೂ ನೋವು ಬರುತ್ತಿತ್ತು. ಯಾರಾದರೂ ತಿರುಗಿ ನೋಡಿದರೆ ಮೊಬೈಲು ಕಿವಿಗೆ ಹಿಡಿದು "ಹಾಂ, ಹೇಳು, ಕೇಳ್ತಾ ಉಂಟು" ಎನ್ನುತ್ತಿದ್ದ.

ಜಾನೆಟ್‌ಗೆ ವಿಷಯ ತಿಳಿಯಿತು.

"ಪ್ರಾಯ ಎಷ್ಟು ನಿಂಗೆ? ಮಕ್ಕಳ ಆಟ ಅದು."

"ಆಟ ಅಲ್ಲ. ನಾನು ಬಸ್ಸಿಗೆ ಹತ್ತಬೇಕು."

"ಹತ್ತು. ಎಲ್ಲರೂ ಹತ್ತುತ್ತಾರೆ, ನಿಂತ ಬಸ್ಸಿಗೆ."

ಅವಳು ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಹಮಾಲಿಗಳಲ್ಲಿ ಹಿರಿಯ ನೋಣಯ್ಯ. ಮೂಟೆಯಷ್ಟೇ ಭಾರದ ನಾಲಗೆ. ಒಂದು ಮಧ್ಯಾಹ್ನ ಬೀಡಿ ಹಚ್ಚಿ ಎದುರಿನ ಕಟ್ಟೆಯಲ್ಲಿ ಕೂತ.

"ಎಂತ ಪೊರ್ಬುಗಳೇ, ಚರಂಡಿಯಲ್ಲಿ ಎಂತಾದ್ರೂ ಬಿತ್ತಾ?" ಕ್ರಿಶ್ಚಿಯನ್ನರನ್ನು ಈ ಕಡೆ ಹಾಗೆ ಕರೆಯುವುದುಂಟು.

"ಎಂತ ಇಲ್ಲ. ಅಭ್ಯಾಸ. ಪಾರ್ಕೂರ್ ಅಂತ ಅದಕ್ಕೆ."

"ಪಾರ್ಕೂರಾ? ಬಾರ್ಕೂರು ಗೊತ್ತುಂಟು ನಂಗೆ. ಪಾರ್ಕೂರು ಎಲ್ಲಿ ಬರ್ತದೆ, ನಂತೂರು ದಾಟಿಯಾ?"

"ಊರಲ್ಲ ನೋಣಯ್ಯಣ್ಣ."

"ಬಸ್ ಉಂಟಾ ಅಲ್ಲಿಗೆ?"

"ಕಂಡಕ್ಟರಿಗೇ ಗೊತ್ತಿಲ್ಲ ಮಾರಾಯ್ರೆ," ಎಂದ ಪಕ್ಕದವನು, "ನಾವು ಯಾರ ಹತ್ತಿರ ಕೇಳುದು?"

ಅವತ್ತಿನಿಂದ ಜೆರೋಮ್ ಕಟ್ಟೆ ಹತ್ತಿದರೆ ಸಾಕು, ಮೂಟೆ ಹೊತ್ತವರು ಹೊತ್ತಲ್ಲಿಂದಲೇ "ಪಾರ್ಕೂರ್, ಪಾರ್ಕೂರ್, ಪಾರ್ಕೂರ್" ಎಂದು ಸ್ಟಾಪಿನಲ್ಲಿ ಕೂಗುವ ರಾಗದಲ್ಲಿ ಕೂಗುವರು. ಅವನದೇ ರಾಗ. ವರ್ಷಗಟ್ಟಲೆ ಊರಿಗೆಲ್ಲ ಕೂಗಿದ್ದು ಈಗ ತಿರುಗಿ ಅವನ ಮುಖಕ್ಕೆ ಬರುತ್ತಿತ್ತು. ಕಿವಿ ಬಿಸಿಯಾಗಿ ಅವನು ಕೆಳಗಿಳಿದು ಸ್ಟೂಲಿಗೆ ಹೋಗುತ್ತಿದ್ದ.

ಆ ಶನಿವಾರ ಶುಕೂರ್ ಗೋದಾಮಿಗೆ ಬಂದ.

"ನನ್ನ ಕಂಡಕ್ಟರ್ ದುಬೈಗೆ ಹೋಗ್ತಾನೆ. ಧಣಿಗಳ ಹತ್ತಿರ ನಿನ್ನ ಹೆಸರು ಹೇಳಿದೆ. ಸೋಮವಾರ ಒಂದು ಟ್ರಿಪ್ ಬರ್ಲಿ, ನೋಡುವ ಅಂದ್ರು."

"ಆಗದಿದ್ರೆ?"

"ಬೇರೆಯವನು ರೆಡಿ ಇದ್ದಾನೆ. ಆಗ್ತದೆ ಮಾರಾಯ, ನಿನಗಾಗದೆ ಮತ್ಯಾರಿಗೆ?"

ಶುಕೂರ್ ಹೋದ ಮೇಲೆ ಜೆರೋಮ್ ಊಟ ಬಿಟ್ಟು ಕಟ್ಟೆ ಹತ್ತಿದ. ಮೊಬೈಲನ್ನು ಸ್ಟೂಲಿನ ಮೇಲೆಯೇ ಬಿಟ್ಟಿದ್ದ. ಬೀಡಿಯವರು, ಮೂಟೆಯವರು, ಲಾರಿಯ ಕ್ಲೀನರ್, ಎಲ್ಲರೂ ನೋಡುತ್ತಿದ್ದರು. ನೋಡಲಿ. ಅಂಚಿಗೆ ಬೆರಳು ತಾಗಿಸಿ ನಿಂತ. ಕಾಲು ಏಳಲಿಲ್ಲ. ನಿಂತೇ ಇದ್ದ.

ನೋಣಯ್ಯನಿಗೆ ಬೇಸರ ಬಂದಿರಬೇಕು. ಪಕ್ಕದ ಲಾರಿಯ ಮೈಗೆ ಅಂಗೈಯಿಂದ ಬಡಿದು ಕೂಗಿದ:

"ರೈಟ್, ಪೋಯಿ."

ಜೆರೋಮ್ ಆಚೆಯ ಕಟ್ಟೆಯಲ್ಲಿದ್ದ. ಹೇಗೆ ಬಂದೆ ಎಂದು ಅವನಿಗೇ ತಿಳಿಯಲಿಲ್ಲ. ಎಲ್ಲರೂ ಶಿಳ್ಳೆ ಹೊಡೆದರು.

"ಇನ್ನೊಮ್ಮೆ ಹೇಳಿ," ಎಂದ ಜೆರೋಮ್.

ನೋಣಯ್ಯ ಹೇಳಿದ. ಇವನು ಹಾರಿದ. ಲಾರಿಯ ತಗಡು ಬಡಿದದ್ದೇ ಬಡಿದದ್ದು, ಇವನು ಹಾರಿದ್ದೇ ಹಾರಿದ್ದು. ಮೆಣಸಿನ ಘಾಟಿಗೋ ಯಾತಕ್ಕೋ ಕಣ್ಣಲ್ಲಿ ನೀರು. ಮರುದಿನ ಇಗರ್ಜಿಯಲ್ಲಿ, ಬಿದ್ದಾಗಿನಿಂದ ಊರದಿದ್ದ ಆ ಕಾಲಿನ ಮಂಡಿಯನ್ನೇ ಊರಿ ಪ್ರಾರ್ಥನೆ ಮಾಡಿದ. ಜಾನೆಟ್ ಪಕ್ಕದಿಂದ ನೋಡಿದಳು.

ಸೋಮವಾರ ಕೊಡಿಯಾಲ್‌ಬೈಲ್ ಕಳೆಯುವವರೆಗೆ ಬಸ್ಸು ಟ್ರಾಫಿಕ್ಕಿನಲ್ಲಿ ತೆವಳುತ್ತಿತ್ತು. ನಡೆದೇ ಇಳಿದ, ನಡೆದೇ ಹತ್ತಿದ. ಯಾರಿಗೂ ಗೊತ್ತಾಗಲಿಲ್ಲ. ನಂತೂರು ಬಂತು. ಇಳಿದ, ಕೂಗಿದ, ಹತ್ತುವವರನ್ನು ಹತ್ತಿಸಿದ, ಬಸ್ಸಿಗೆ ಬಡಿದ.

"ರೈಟ್, ಪೋಯಿ."

ಶುಕೂರ್ ಗೇರು ಹಾಕಿದ. ಸರಳು ಜೆರೋಮನ ಕೈಯ ಪಕ್ಕದಲ್ಲೇ ಸರಿದು ಹೋಯಿತು. ಕಾಲು ನೆಲದಲ್ಲೇ ಇತ್ತು. ಬಂದರ್‌ನಲ್ಲಿ ಆ ಮಾತು ಬೇರೆಯವನ ಬಾಯಿಂದ ಬಂದಿತ್ತು, ಕಾಲು ನಂಬಿತ್ತು. ಇವನ ಬಾಯಿಂದ ಬಂದದ್ದನ್ನು ಅದು ನಂಬುವುದಿಲ್ಲ. ಚಕ್ರದ ಕಡೆಗೆ ಕರೆದುಕೊಂಡು ಹೋದದ್ದೂ ಇದೇ ಬಾಯಿ. ಎಲ್ಲರಿಗೂ ರೈಟ್ ಹೇಳಲು ಬಸ್ಸಿನಲ್ಲಿ ಕಂಡಕ್ಟರ್ ಇದ್ದಾನೆ. ಕಂಡಕ್ಟರಿಗೆ ಹೇಳಲು ಯಾರಿದ್ದಾರೆ?

ಶುಕೂರ್ ಕನ್ನಡಿಯಲ್ಲಿ ನೋಡಿ ಸರ್ಕಲಿನ ನಡುವೆಯೇ ಬ್ರೇಕ್ ಹಾಕಿದ. ಹಿಂದಿನಿಂದ ಟ್ರಕ್ಕುಗಳು ಬೊಬ್ಬೆ ಹೊಡೆದವು. ಅವನು ಕಿಟಕಿಯಿಂದ ತಲೆ ಹೊರಹಾಕಿದ, ಬೈಯಲಿಲ್ಲ.

"ಬಾ ಜೆರೋಮ್. ನಿಲ್ಲಿಸಿದ್ದೇನೆ, ಹತ್ತು."

ಎರಡೂ ಕೈಯಲ್ಲಿ ಸರಳು ಹಿಡಿದು ಜೆರೋಮ್ ಹತ್ತಿದ, ಅವನೇ ಒಂದು ಕಾಲದಲ್ಲಿ ದೂಡುತ್ತಿದ್ದ ಮುದುಕಿಯರ ಹಾಗೆ. ಯಾರೋ ಹೆಂಗಸು ಸರಿದು ಸೀಟು ತೋರಿಸಿದಳು. "ಕೂತ್ಕೊಳ್ಳಿ, ಸುಸ್ತಾದ ಹಾಗೆ ಕಾಣ್ತದೆ." ಟ್ರಿಪ್ ಮುಗಿದಾಗ ಅವನು ಚೀಲವನ್ನು ಕೊರಳಿನಿಂದ ತೆಗೆದು ಶುಕೂರನ ಸೀಟಿನ ಹಿಂದೆ ನೇತುಹಾಕಿದ. ಶುಕೂರ್ ಸ್ಟೇರಿಂಗ್ ನೋಡುತ್ತಾ ಕೂತಿದ್ದ.

ಮರುದಿನ ಊಟದ ಬಿಡುವಿನಲ್ಲಿ ಜೆರೋಮ್ ಹಲಗೆ ಸರಿಸಿ ಕಟ್ಟೆ ಹತ್ತಿದ. ಕಿವಿಗೆ ಮೊಬೈಲ್ ಇಲ್ಲ, ನಾಚಿಕೆಯೂ ಇಲ್ಲ. ನಾಚಿಕೆ ನಂತೂರಿನಲ್ಲೇ ಬಿದ್ದು ಹೋಗಿತ್ತು.

"ನೋಣಯ್ಯಣ್ಣ, ಒಮ್ಮೆ ಹೇಳಿ."

ಸುದ್ದಿ ಬಂದರ್‌ಗೆ ಮೊದಲೇ ಮುಟ್ಟಿತ್ತು. ನೋಣಯ್ಯ ತಲೆಯ ಮುಂಡಾಸು ಬಿಚ್ಚಿ ಧೂಳು ಕೊಡವಿದ.

"ಸುಮ್ಮನೆ ಇಳೀರಿ ಪೊರ್ಬುಗಳೇ."

"ಒಮ್ಮೆ ಸಾಕು."

"ಅವತ್ತು ತಮಾಷೆಗೆ ಹೇಳಿದ್ದು ನಾನು. ಇನ್ನು ನನ್ನಿಂದ ಆಗುದಿಲ್ಲ."

ಪಾರ್ಕೂರ್ ಎಂದು ಯಾರೂ ಕೂಗಲಿಲ್ಲ. ಬೀಡಿಯವರು ನದಿಯ ಕಡೆ ತಿರುಗಿದರು, ಕ್ಲೀನರ್ ಟಯರ್ ನೋಡತೊಡಗಿದ. ವಿಡಿಯೋದ ಮನುಷ್ಯ ಹೇಳಿದ್ದು ನಿಜವಾಯಿತು, ಯಾರೂ ನೋಡುತ್ತಿರಲಿಲ್ಲ. ಜೆರೋಮ್ ಬಗ್ಗಿ, ತಾನೇ ಕಟ್ಟೆಗೆ ಅಂಗೈಯಿಂದ ಬಡಿದು, ತಾನೇ ಆ ಎರಡು ಮಾತು ಹೇಳಿದ. ಕಾಲು ಏಳಲಿಲ್ಲ.

ನೋಣಯ್ಯ ಎದ್ದು ಆಚೆಯ ಕಟ್ಟೆಯ ಅಂಚಿಗೆ ಬಂದ. ಜೆರೋಮ್ ಸರಿಸಿಟ್ಟಿದ್ದ ಹಲಗೆಯನ್ನು ಎತ್ತಿ ಚರಂಡಿಯ ಮೇಲೆ ಅಡ್ಡ ಹಾಕಿ, ಅಲುಗಾಡದಂತೆ ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿದ.

"ಇದರ ಮೇಲೆ ಬನ್ನಿ," ಎಂದ. "ಜಾಗ್ರತೆ."

ಜೆರೋಮ್ ಅದರ ಮೇಲೆ ನಡೆದು ಬಂದ.