ಯಂತ್ರಕ್ಕೂ ಬೇಕಾಯಿತು ಇಂಟಿಪೇರು

ನಮ್ಮ ದೇಶದ ಮೊದಲ ಲೆಕ್ಕದ ಯಂತ್ರ ಕಟ್ಟಿದವನು ನಾನೇ. ಸುಳ್ಳು ಬಿಡ್ರಿ, ಚಾ ಕುಡೀತಾ ನಿಜ ಕೇಳ್ರಿ: ದೂರದ ಪಟ್ಟಣದಲ್ಲಿ, ಕೋಣೆ ತುಂಬುವಂಥ ಒಂದು ಯಂತ್ರದ ಕಾಗದದ ಟೇಪುಗಳ ಕಪಾಟು ಕಾಯುತ್ತಿದ್ದೆ. ಒಂದೊಂದು ಟೇಪಿನಲ್ಲಿ ಒಂದೊಂದು ಲೆಕ್ಕ, ಅದಕ್ಕೊಂದು ಹೆಸರು. ಹೆಸರು ಕರೆದರೆ ಯಂತ್ರ ಆ ಲೆಕ್ಕ ಮಾಡುತ್ತಿತ್ತು.

ಇಬ್ಬರು ಸಾಹೇಬರು ಬೇರೆ ಬೇರೆ ಟೇಪುಗಳಿಗೆ ‘ಮೂಲ’ ಅಂತ ಒಂದೇ ಹೆಸರಿಟ್ಟರು. ಒಬ್ಬರದನ್ನು ಕರೆದರೆ ಇನ್ನೊಬ್ಬರದು ಓಡಿ ಲೆಕ್ಕವೆಲ್ಲ ಕೆಟ್ಟಿತು. ಹೆಸರು ಬಿಡಲು ಇಬ್ಬರೂ ಒಪ್ಪಲಿಲ್ಲ. "ರಜೆ ಮುಗಿಸಿ ಬರುವಾಗ ಉಪಾಯ ತಾ, ಇಲ್ಲವೇ ಬರಲೇಬೇಡ" ಅಂದರು ನನಗೆ.

ರಜೆ ಮುಗಿದು, ತೆಲುಗು ಸೀಮೆಯ ಆದೋನಿ ಸ್ಟೇಷನ್ನಿನಲ್ಲಿ ವಾಪಸು ಗಾಡಿಗೆ ಕಾಯುತ್ತ, ಪಕ್ಕದಲ್ಲಿ ಗಂಟು ಹಿಡಿದು ಕೂತಿದ್ದ ಕೂಲಿ ಹೆಂಗಸಿಗೆ ಇದನ್ನೆಲ್ಲ ಹೇಳಿಕೊಂಡೆ. ಕೇಳಲು ಬೇರೆ ಯಾರಿದ್ದರು?

"ನಮ್ಮ ಗುಂಪಿನಾಗ ಮೂರು ಮಂದಿ ಈರಮ್ಮಾರು ಅದೀವಿ" ಅಂದಳು ಆಕೆ. "ಮೇಸ್ತ್ರಿ ಕೂಗಿದರ ಮೂವರೂ ಓಡ್ತಿದ್ವಿ. ಈಗ ಇಂಟಿಪೇರು ಮುಂದಿಟ್ಟು ಚಿಂತಲ ಈರಮ್ಮ, ಗಡ್ಡಂ ಈರಮ್ಮ ಅಂತಾನ. ನಿಮ್ಮ ಸಾಹೇಬ್ರಿಗೆ ಮನೆತನದ ಹೆಸರು ಇಲ್ಲೇನು?"

ಆಮೇಲೆ ಕೇಳಿದಳು: "ನಿನ್ನ ಇಂಟಿಪೇರೇನಪ್ಪ?"

ಪಟ್ಟಣದಲ್ಲಿ ನನ್ನನ್ನು "ಏ ಟೇಪು" ಅಂತಲೇ ಕರೆಯುತ್ತಿದ್ದರು. ಪೂರ್ತಿ ಹೆಸರು ಕೇಳಿದವಳು ಆಕೆ ಒಬ್ಬಳೇ.

‘ಮೂಲ’ದ ಮುಂದೆ ಆಯಾ ಸಾಹೇಬರ ಮನೆತನದ ಹೆಸರು ಸೇರಿಸಿದೆವು; ಆಕೆಯ ಉಪಾಯ ನಡೆಯಿತು, ನನ್ನ ಕೆಲಸ ಉಳಿಯಿತು. ಗುಟ್ಟಾಗಿ ಇನ್ನೊಂದು ಟೇಪು ಮಾಡಿ ನನ್ನ ಪೂರ್ತಿ ಹೆಸರಿಟ್ಟೆ. ಕರೆದರೆ ಯಂತ್ರ ಒಂದು ಸಲ ಗಂಟೆ ಬಾರಿಸುತ್ತಿತ್ತು, ಅಷ್ಟೇ. ದಿನಾ ಕಪಾಟಿಗೆ ಬೀಗ ಹಾಕುವ ಮುಂಚೆ ಒಮ್ಮೆ ಕರೆಯುತ್ತಿದ್ದೆ.

ಇಲ್ಲಿ ನನ್ನ ಪೂರ್ತಿ ಹೆಸರು ಬಲ್ಲವನು ಈ ಚಾದಂಗಡಿಯವನೊಬ್ಬನೇ. ಅವನ ಸಾಲದ ಪುಸ್ತಕದಲ್ಲಿ ಅದಿದೆ. ಬಾಕಿ ಕೇಳಲು ಅವನು ಅದನ್ನು ಕೂಗುವ ಮುಂಚೆ ನನ್ನ ಚಾದ ದುಡ್ಡೂ ನೀವೇ ಕೊಟ್ಟುಬಿಡ್ರಿ.