ಅರ್ಧ ತಾಸಿನ ಅಂಗಳ

ನಿನ್ನೆ ನನ್ನ ಎರಡು ಹತ್ತಿ ಸೀರೆಗಳಿಗೆ ಗಂಜಿ ಹಾಕಲು ಕುಳಿತಿದ್ದೆ. ಖಾನಾಪುರದ ಮಳೆ ಹಿಂದೆಗೆದು ನಾಲ್ಕು ದಿನ ನೆಟ್ಟಗೆ ಬಿಸಿಲು ಬಿದ್ದರೆ ಸಾಕು, ನನಗೆ ಇಂಥ ಕೆಲಸಗಳು ನೆನಪಾಗುತ್ತವೆ. ಗಂಜಿ ಸೋಸಿ ಕೈ ಅದ್ದಿದೆನೋ ಇಲ್ಲವೋ, ಬೆಚ್ಚಗಿನ, ತುಸು ಹುಳಿಯಾದ ಆ ವಾಸನೆ ಮೂಗಿಗೆ ಬಡಿಯಿತು. ಸೀರೆಯನ್ನು ಅಲ್ಲೇ ಬಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಯಜಮಾನರು ಪೇಪರಿನಿಂದ ತಲೆ ಎತ್ತಿ, "ಯಾಕ, ಕೈ ಸುಟ್ಟಗೊಂಡೇನು?" ಎಂದು ಕೇಳಿದರು. ಇಲ್ಲ ಎಂದೆ. ಅವರಿಗೆ ಹೇಳಿ ಉಪಯೋಗವಿರಲಿಲ್ಲ. ಈ ಸಂಗತಿ ನಡೆಯುವ ಹೊತ್ತಿನಲ್ಲೆಲ್ಲ ಅವರು ರೈಲಿನಲ್ಲಿರುತ್ತಿದ್ದರು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಾನು ಮದುವೆಯಾಗಿ ಹೋದ ಮನೆ ಬೆಳಗಾವಿಯ ವಡಗಾವಿಯಲ್ಲಿತ್ತು. ಮನೆ ಎನ್ನುವುದಕ್ಕಿಂತ ಅರ್ಧ ಮನೆ ಎನ್ನಬೇಕು. ಓಣಿಗೆ ಒಂದೇ ದೊಡ್ಡ ಬಾಗಿಲು. ಅದನ್ನು ದಾಟಿದರೆ ಹತ್ತು ಮಾರು ಉದ್ದದ ಅಂಗಳ. ಎಡಕ್ಕೆ ನಾವು, ಬಲಕ್ಕೆ ಶಂಕ್ರಣ್ಣ. ಶಂಕ್ರಣ್ಣನ ತಂದೆ ಆ ಅರ್ಧವನ್ನು ನಮ್ಮವರಿಂದಲೇ ಕೊಂಡಿದ್ದರಂತೆ. ಆಗ ಗೋಡೆ ಹಂಚಿಕೊಂಡರು, ಬಾವಿಗೆ ಸರದಿ ಹಚ್ಚಿಕೊಂಡರು, ಅಂಗಳವನ್ನು ಮಾತ್ರ ಹಂಚಲಿಲ್ಲ; ಇಬ್ಬರಿಗೂ ಕೂಡಿ ಎಂದು ಕಾಗದದಲ್ಲಿ ಬರೆದರು. ಅಲ್ಲಿಗೆ ಮುಂದೊಂದು ದಿನ ಮೋಟಾರು ಬಂದು ನಿಂತೀತೆಂದು ಬರೆದವರಿಗೆ ಹೇಗೆ ಹೊಳೆಯಬೇಕು?

ನಮ್ಮ ಮಾವನವರು ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಮಗ್ಗ ಒಳಗಿನ ಕುಣಿಯಲ್ಲಿದ್ದರೂ ಅರ್ಧ ಕೆಲಸ ಅಂಗಳದ್ದು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ, ಎಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು ಗೂಟದಿಂದ ಗೂಟಕ್ಕೆ ಉದ್ದಕ್ಕೆ ಬಿಗಿದು, ಗಂಜಿ ಉಣಿಸಿ, ದೊಡ್ಡ ಕುಂಚದಿಂದ ತಿಕ್ಕುತ್ತ ಒಂದೊಂದು ಎಳೆಯೂ ಬೇರೆಯಾಗಿ ಒಣಗುವಂತೆ ಮಾಡಬೇಕು. ಇದಕ್ಕೆ ಉಂಕಿ ಎನ್ನುತ್ತಾರೆ. ಬಿಸಿಲು ಬಲಿಯುವ ಮುಂಚೆ ಮುಗಿಯಬೇಕು, ಮತ್ತು ಒಬ್ಬರಿಂದ ಆಗುವುದಿಲ್ಲ. ಹಾಸಿನ ಆಚೆ ಒಬ್ಬರು, ಈಚೆ ಒಬ್ಬರು ಕುಂಚ ಹಿಡಿದು ಜೊತೆಜೊತೆಗೆ ನಡೆಯಬೇಕು. ಅತ್ತೆ ತೀರಿಕೊಂಡ ಮೇಲೆ ಈಚೆಯ ಕುಂಚ ನನ್ನ ಕೈಗೆ ಬಂತು. ಖಾನಾಪುರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಯಜಮಾನರು ಬೆಳಗಿನ ಗಾಡಿ ಹಿಡಿಯುತ್ತಿದ್ದರು. ನಾನು ಖಾನಾಪುರದ ಹುಡುಗಿ, ನೂಲಿನ ಗಂಧವೇ ಇಲ್ಲದವಳು. ಮೊದಲ ಸಲ ನನ್ನ ಹೆಜ್ಜೆ ಮಾವನವರಿಗಿಂತ ಮುಂದೆ ಓಡಿತು. "ಯವ್ವಾ, ರೇಲ್ವೆ ನಿನ್ನ ಗಂಡಗ ತಪ್ಪತೈತಿ, ನಿನಗಲ್ಲ. ಸಾವಕಾಶ ನಡಿ" ಎಂದರು. ಆಮೇಲೆ ಹೆಜ್ಜೆ ಕೂಡಿತು. ಮಾತಿಲ್ಲದೆ ಅವರೊಡನೆ ಹಿಂದೆ ಮುಂದೆ ನಡೆದ ಆ ಬೆಳಗುಗಳಷ್ಟು ನೆಮ್ಮದಿ ಆ ಮನೆಯಲ್ಲಿ ನನಗೆ ಬೇರೆಲ್ಲೂ ಸಿಗಲಿಲ್ಲ.

ಎಪ್ಪತ್ತರ ದಶಕದ ನಡುವೆ ಇರಬೇಕು, ಶಂಕ್ರಣ್ಣ ಒಂದು ಮೆಟಾಡೋರ್ ತಂದ. ರವಿವಾರ ಪೇಟೆಯ ಅಂಗಡಿಗಳ ಮಾಲು ಸಾಗಿಸುವುದು, ಲಗ್ನದ ಕಾಲದಲ್ಲಿ ಮಂದಿಯನ್ನು ಒಯ್ಯುವುದು ಅವನ ಉದ್ಯೋಗ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ನಮ್ಮ ಹೊಸ್ತಿಲಲ್ಲಿ ನಿಂತು, "ವೈನಿ, ಗಾಡಿಗಿ ಒಂದ ಆರತಿ ನೀವ ಎತ್ತಬೇಕ ನೋಡ್ರಿ. ಮನ್ಯಾಗ ಮುತ್ತೈದಿ ಇಲ್ಲ" ಎಂದ. ನನಗೆ ಉಬ್ಬು. ಅಂಗಳದ ನಟ್ಟನಡುವೆ ಸಾರಿಸಿ, ರಂಗೋಲಿ ಬಿಟ್ಟು, ಗಾಡಿಯನ್ನು ಅದರ ಮೇಲೆ ತರಿಸಿ ನಿಲ್ಲಿಸಿದೆ. ಗಾಲಿಗೆ ನಿಂಬೆಹಣ್ಣು, ಹಣೆಗೆ ವಿಭೂತಿ ಕುಂಕುಮ, ಆರತಿ, ಕಾಯಿ. ಯಾವುದಕ್ಕೂ ಕೊರತೆ ಮಾಡಲಿಲ್ಲ. ಮಾವನವರೂ ಪೇಢೆ ತಿಂದು, "ಛಲೋ ಆಗ್ಲೆಪಾ" ಎಂದರು.

ಗಾಡಿ ಅಲ್ಲಿಂದ ಏಳಲಿಲ್ಲ. ಎಂದರೆ, ದಿನವೂ ಹೋಗುತ್ತಿತ್ತು, ದಿನವೂ ಬಂದು ಅದೇ ಜಾಗದಲ್ಲಿ ಕೂರುತ್ತಿತ್ತು. ಶಂಕ್ರಣ್ಣನಿಗೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಎಚ್ಚರವಾಗುತ್ತಿರಲಿಲ್ಲ, ನಮ್ಮ ಉಂಕಿ ಎಂಟಕ್ಕೆ ಮುಗಿಯಬೇಕು. ನಾನು ಹೋಗಿ ಮೆಲ್ಲಗೆ ಹೇಳಿದೆ. ಅವನು ನಕ್ಕ.

"ವೈನಿ, ನೀವ ಆರತಿ ಎತ್ತಿ ನಿಂದ್ರಿಸಿದ ಜಾಗಾ ಅದು. ಅದನ್ನ ಬಿಟ್ಟ ನಾ ಎಲ್ಲಿಗಿ ಒಯ್ಲಿ? ಓಣ್ಯಾಗ ನಿಂದ್ರಿಸಿದ್ರ ಅಪಶಕುನ ಅಂತಾಳ ನಮ್ಮವ್ವ."

ಇದು ಚೇಷ್ಟೆಯೋ ನಂಬಿಕೆಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಆರತಿ ಎತ್ತಿದವಳೇ ಸರಿಸು ಎನ್ನುವುದು ಹೇಗೆ?

ಕೊನೆಗೆ ಮಾವನವರು ಹೋಗಿ ಕುಳಿತು, ಮಂಗಳವಾರ ಮತ್ತು ಶನಿವಾರ ಬೆಳಿಗ್ಗೆ ಅಂಗಳ ನಮ್ಮದು ಎಂದು ಮಾತಾಡಿಕೊಂಡು ಬಂದರು. "ಅಡ್ಡಿ ಇಲ್ಲ ಬಿಡ್ರಿ ಕಾಕಾ" ಎಂದಿದ್ದನಂತೆ. ಮೊದಲ ಮಂಗಳವಾರ ಗಾಡಿ ಸರಿಯಿತು. ಮುಂದಿನದಕ್ಕೆ ಅವನು ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡು ಕ್ಷೌರಕ್ಕೆ ಹೋಗಿದ್ದ. ಅದರ ಮುಂದಿನದಕ್ಕೆ ವಾರವೇ ಮರೆತಿತ್ತು. ಗಂಜಿ ಪಾತ್ರೆಯಲ್ಲೇ ಹುಳಿಯಿತು, ನಾನು ಅದನ್ನು ಒಯ್ದು ಪಕ್ಕದ ಓಣಿಯ ಎಮ್ಮೆಗೆ ಸುರಿದು ಬಂದೆ. ಆ ವರ್ಷ ಎಮ್ಮೆ ಬಹಳ ದಪ್ಪಗಾಯಿತು. ಒಮ್ಮೆ ನಾನೇ ಧೈರ್ಯ ಮಾಡಿ ಅಂಗಳದ ಉದ್ದಕ್ಕೂ ಸುಣ್ಣದ ಗೆರೆ ಎಳೆದೆ, ನಮ್ಮ ಭಾಗ ಇಷ್ಟು ಎಂದು ತಿಳಿಯಲಿ ಅಂತ. ಸಂಜೆ ಅವನು ಎರಡು ಗಾಲಿಗಳನ್ನು ಸರಿಯಾಗಿ ಗೆರೆಯ ಮೇಲೆ ತಂದಿಟ್ಟು ಕೆಳಗಿಳಿದು, "ಭಾಳ ಛಲೋ ಆತ್ರಿ ವೈನಿ, ಈಗ ಗಾಡಿ ನೆಟ್ಟಗ ನಿಂದ್ರತೈತಿ" ಎಂದು ಹೊಗಳಿದ. ನಾನು ನಕ್ಕೆ. ಬೇರೇನು ಮಾಡಬೇಕೆಂದು ತಿಳಿಯದಿದ್ದಾಗ ನಾನು ನಗುತ್ತೇನೆ. ಇದು ನನ್ನ ಹಳೆಯ ರೋಗ.

ಓಣಿಯಲ್ಲಿ ಹಾಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿ ಉಳಿದ ನೇಕಾರರ ಸರದಿ, ಸೈಕಲ್ಲು, ಆಡು. ಅಂಗಳವಿದ್ದವರು ಓಣಿಗೆ ಬಂದರೆ ಅವರು ಬಿಟ್ಟಾರೆಯೇ?

ಹೀಗೆ ಬರೆಯುತ್ತ ಹೋದರೆ ಶಂಕ್ರಣ್ಣ ಕೆಟ್ಟವನೆಂದು ನಿಮಗೆ ಅನ್ನಿಸುತ್ತದೆ. ಅಲ್ಲೇ ನನ್ನ ತೊಡಕು. ಒಂದು ಮಳೆಗಾಲದಲ್ಲಿ ನಮ್ಮವ್ವನಿಗೆ ಜ್ವರ ಏರಿದೆಯೆಂದು ಖಾನಾಪುರದಿಂದ ಸುದ್ದಿ ಬಂತು. ಅವನು ತುಂಬಿದ ಮಾಲನ್ನು ಪೇಟೆಯಲ್ಲೇ ಇಳಿಸಿಟ್ಟು ನನ್ನನ್ನು ಕೂರಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಮುಂದಿನ ಗಾಜು ಒರೆಸುತ್ತ, "ಏನೂ ಆಗೂದಿಲ್ರಿ ವೈನಿ, ಸುಮ್ಮ ಕುಂದರ್ರಿ" ಎನ್ನುತ್ತಲೇ ಇದ್ದ. ತವರುಮನೆಯ ಮೆಟ್ಟಿಲ ಮೇಲಿಂದ ಅವ್ವನನ್ನು ಎರಡು ಕೈಗಳಲ್ಲಿ ಎತ್ತಿ ಡಾಕ್ಟರರ ಬಳಿ ಒಯ್ದವನು ಅವನೇ. ಅವ್ವ ಬದುಕಿದಳು, "ಲೈ ಚಾಂಗಲಾ ಮಾಣೂಸ್" ಎಂದು ಅವನನ್ನು ಕಂಡವರೆದುರೆಲ್ಲ ಮರಾಠಿಯಲ್ಲಿ ಹೊಗಳಿದಳು. ಒಳ್ಳೆಯ ಮನುಷ್ಯ, ಖರೇ. ಅದರ ಮುಂದಿನ ಮಂಗಳವಾರವೂ ಗಾಡಿ ಅಂಗಳದಲ್ಲೇ ಇತ್ತು. ಯಾವ ಬಾಯಿಂದ ಕೇಳಲಿ? ಮಾವನವರೂ ಕೇಳಲಿಲ್ಲ. ಒಂದು ಹಾಸಿನಿಂದ ಇನ್ನೊಂದು ಹಾಸಿಗೆ ದಿನಗಳ ಅಂತರ ಬೆಳೆಯಿತು. ಮಗ್ಗ ವಾರಗಟ್ಟಲೆ ಬರಿದಾಗಿರುತ್ತಿತ್ತು. ಅವರು ಖಾಲಿ ಲಾಳಿಗೆ ಎಣ್ಣೆ ಒರೆಸಿ ಒರೆಸಿ ಇಡುತ್ತಿದ್ದರು.

ಆಮೇಲೆ ಆ ದಿನ ಬಂತು. ಶಂಕ್ರಣ್ಣ ಹಿಂದಿನ ದಿನ ಲಗ್ನದ ಮಂದಿಯನ್ನು ಕರೆದುಕೊಂಡು ಖಾನಾಪುರದ ಕಡೆಗೆ ಹೋಗಿದ್ದ, ಮರುದಿನ ಮಧ್ಯಾಹ್ನಕ್ಕೆ ಬರುತ್ತೇನೆ ಎಂದಿದ್ದ. ಮಾವನವರು ತಿಂಗಳಿನಿಂದ ಕಾದಿಟ್ಟಿದ್ದ ಮೂರು ಸೀರೆಯ ಹಾಸನ್ನು ಬೆಳಕು ಹರಿಯುವ ಮುಂಚೆ ಹೊರಗೆ ತೆಗೆದರು. ಒಳ್ಳೆಯ ನೂಲು, ಹಸಿರು ಮೈ. ಎಷ್ಟೋ ದಿನಗಳ ಮೇಲೆ ಅಂಗಳ ಬಾಗಿಲಿನಿಂದ ಬಾವಿಯವರೆಗೆ ಖಾಲಿಯಾಗಿತ್ತು. ನಾವು ಬಿಗಿದೆವು, ಗಂಜಿ ಉಣಿಸಿದೆವು, ನಡೆಯತೊಡಗಿದೆವು. ಮಾವನವರು ಅವತ್ತು ಮೆಲ್ಲಗೆ ಏನೋ ಗುನುಗುತ್ತಿದ್ದರು.

ಏಳೂವರೆ ಆಗಿರಬೇಕು, ದೊಡ್ಡ ಬಾಗಿಲ ಹೊರಗೆ ಹಾರ್ನ್ ಕೇಳಿತು.

"ವೈನಿ! ಕಾಕಾ! ಬಾಗ್ಲಾ ತಗೀರಿ. ಮಂದಿ ಲಗೂ ಹೊಂಟ್ರು, ಒಂದೀಟ ದಣಿವ ಆರಿಸ್ಕೊಳ್ಳಿ ಅಂತ ಇಲ್ಲೇ ಕರ್ಕೊಂಡ ಬಂದ್ನಿ."

ಮಾವನವರು ಕುಂಚ ನಿಲ್ಲಿಸದೆಯೇ ಕೂಗಿ ಹೇಳಿದರು: "ಶಂಕ್ರಾ, ಅರ್ಧಾ ತಾಸ ತಡಿಯೋ ತಮ್ಮಾ. ಹಸಿ ಐತಿ."

"ಓಣಿ ಬಂದ್ ಆಗೇತ್ರಿ ಕಾಕಾ! ಹಿಂದ ಚಕ್ಕಡಿ ನಿಂತಾವ. ಒಳಗ ಹೆಣ್ಮಕ್ಕಳು, ಕೂಸುಗೋಳು ಅದಾವು."

ನಾನು ಬಾಗಿಲು ತುಸು ಸರಿಸಿ ನೋಡಿದೆ. ಗಾಡಿಯ ತುಂಬ ರೇಷ್ಮೆ ಸೀರೆಯ ಹೆಂಗಸರು, ಬಾಡಿದ ಹೂವು, ದಾರಿಯಲ್ಲಿ ವಾಂತಿ ಮಾಡಿಕೊಂಡು ಬಿಳಿಚಿಕೊಂಡ ಒಂದು ಮಗು. ಒಬ್ಬ ಮುದುಕಿ ನನ್ನನ್ನೇ ನೋಡಿ, "ಯವ್ವಾ, ಒಂದೀಟ ಕಾಲ ಚಾಚತೀನಿ, ಒಳಗ ಬಿಡ" ಎಂದಳು. ಹಿಂದಿನ ಚಕ್ಕಡಿಯವನು ಬೈಯುತ್ತಿದ್ದ. ಹಾರ್ನ್ ಮತ್ತೆ ಕೂಗಿತು. ಮಂದಿಯನ್ನು ಬಾಗಿಲಲ್ಲಿ ನಿಲ್ಲಿಸುವುದು ನಮ್ಮ ಮನೆತನದಲ್ಲಿ ಇಲ್ಲ. ಹಾಗಂತ ನನ್ನ ತಲೆಯಲ್ಲಿ ಕೂತಿತ್ತು.

"ಮಾವಾರ, ಸುತ್ತಿಬಿಡೂಣ್ರಿ. ಪಾಪ, ಮಂದಿ ನಿಂತಾರ" ಎಂದೆ.

ಅವರು ನನ್ನನ್ನು ನೋಡಿದರು. ಬೇಡ ಎನ್ನಲಿಲ್ಲ. ಸೊಸೆ ಮಂದಿಯ ಎದುರಿಗೆ ಆಡಿದ ಮಾತನ್ನು ತೆಗೆದುಹಾಕುವ ಮಾವನಲ್ಲ ಅವರು. ಕುಂಚವನ್ನು ಕಟ್ಟೆಯ ಮೇಲಿಟ್ಟು ಆಚೆಯ ಗೂಟ ಬಿಚ್ಚಿದರು. ಹಸಿ ಹಾಸನ್ನು ಇಬ್ಬರೂ ಸೇರಿ ಸುತ್ತಿ ಪಡಸಾಲೆಗೆ ಹೊತ್ತೆವು. ಗಾಡಿ ಒಳಗೆ ಬಂದು ತನ್ನ ಜಾಗದಲ್ಲಿ ನಿಂತಿತು. ನಾನು ಬಂದವರಿಗೆಲ್ಲ ಚಹಾ ಮಾಡಿದೆ, ಎರಡು ಸಲ. ಅಷ್ಟೂ ಮಂದಿ ನನ್ನನ್ನು ಹರಸಿ ಹೋದರು.

ಅವರು ಹೋದ ಮೇಲೆ ಹಾಸನ್ನು ಬಿಚ್ಚಿದಾಗ ಎಳೆಗೆ ಎಳೆ ಅಂಟಿ ಒಣಗಿತ್ತು. ಮಾವನವರು ಒಂದನ್ನು ಉಗುರಿನಿಂದ ಬಿಡಿಸಲು ಹೋದರು, ಟಪ್ಪೆಂದು ಕಡಿಯಿತು. ಇನ್ನೊಂದೂ ಕಡಿಯಿತು. ಸಂಜೆಯವರೆಗೂ ಕುಳಿತು ಬಿಡಿಸಿದರು. ದೀಪ ಹಚ್ಚುವ ಹೊತ್ತಿಗೆ ಎದ್ದು, ಎಲ್ಲವನ್ನೂ ಕೂಡಿಸಿ ಅಟ್ಟಕ್ಕೆ ಹಾಕಿದರು.

ಮತ್ತೆ ಅವರು ಉಂಕಿ ಹಾಸಲಿಲ್ಲ. ಹಿಂದಿನ ಓಣಿಯಲ್ಲಿ ಕರೆಂಟು ಮಗ್ಗದ ಶೆಡ್ಡಿತ್ತು. ಅಲ್ಲಿ ಹಾಸು ಎಲ್ಲಿಂದಲೋ ತಯಾರಾಗಿಯೇ ಬರುತ್ತಿತ್ತು. ಮೂವತ್ತು ವರ್ಷ ಸೀರೆ ನೇಯ್ದವರು ಅದರ ಬಾಗಿಲಲ್ಲಿ ಕುಳಿತು, ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ನೂಲು ಸುತ್ತತೊಡಗಿದರು. ಕಂಡಿಕೆ ಸುತ್ತುವುದು ಮನೆಯಲ್ಲಿ ಹೆಂಗಸರ ಕೆಲಸ, ಕಣ್ಣು ಮಂಜಾದ ಮುದುಕಿಯರ ಕೆಲಸ. ಮಗ್ಗಗಳ ಸದ್ದಿನಲ್ಲಿ ಕ್ರಮೇಣ ಅವರ ಕಿವಿಯೂ ಮಂದವಾಯಿತು. ಬೆಳಿಗ್ಗೆ ಹೋಗುವಾಗ ಶಂಕ್ರಣ್ಣನ ಗಾಡಿಯ ಬದಿಗೆ ಮೈ ಓರೆ ಮಾಡಿ ನುಸುಳಿ, "ಆರಾಮೇನೋ ಶಂಕ್ರಾ?" ಎಂದು ಕೇಳಿಯೇ ಹೋಗುತ್ತಿದ್ದರು.

ಒಂದು ದಿನ ಬುತ್ತಿ ಒಯ್ದಾಗ ನನಗೆ ತಡೆಯಲಾಗಲಿಲ್ಲ. ಅವರ ಕಿವಿಯ ಹತ್ತಿರ ಬಾಗಿ, "ಶಂಕ್ರಣ್ಣನ ಮ್ಯಾಲ ನಿಮಗ ಸಿಟ್ಟ ಬರೂದಿಲ್ಲೇನ್ರಿ ಮಾವಾರ?" ಎಂದೆ.

ಅವರು ರೊಟ್ಟಿ ಮುರಿಯುತ್ತ, "ಅಂವ ಏನ್ ಮಾಡಿದ?" ಎಂದರು. "ಅಂವ ಹಾರ್ನ್ ಹೊಡದ. ಸುತ್ತೂಣು ಅಂದಾಕಿ ನೀ."

ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ, "ಚಟ್ನಿ ಛಲೋ ಆಗೇತಿ" ಎಂದರು.

ಮಾವನವರು ತೀರಿಕೊಂಡು ನಾಲ್ಕು ವರ್ಷವಾಯಿತು. ನಾವು ಖಾನಾಪುರಕ್ಕೆ ಬಂದೆವು. ವಡಗಾವಿಯ ಅರ್ಧ ಮನೆಗೆ ಬೀಗ. ಶಂಕ್ರಣ್ಣನ ಕಥೆ ಹೇಳುತ್ತಿದ್ದೇನೆಂದುಕೊಂಡೇ ನಿಮ್ಮನ್ನು ಇಷ್ಟು ದೂರ ಕರೆತಂದೆ. ಹೇಳುತ್ತ ಹೇಳುತ್ತ ಅದು ಯಾರ ಕಥೆಯಾಯಿತೆಂದು ನಿಮಗೆ ಕಾಣುತ್ತಿದೆ.

ಹೋದ ವಾರ ಹಂಚು ಸರಿಮಾಡಿಸಲು ಒಬ್ಬಳೇ ಹೋಗಿದ್ದೆ. ಶಂಕ್ರಣ್ಣನಿಗೆ ಈಗ ಎರಡು ಗಾಡಿ. ಒಂದು ನಮ್ಮ ಕಟ್ಟೆಗೇ ತಾಗಿ ನಿಂತಿತ್ತು. ಮಧ್ಯಾಹ್ನ ಬೀಗ ಹಾಕಿ ಹೊರಟೆ. ಅವನು ಓಡಿ ಬಂದು ಗಾಡಿಯ ಬಾಗಿಲು ತೆರೆದು, "ಬರ್ರಿ ವೈನಿ, ಬಸ್‌ಸ್ಟ್ಯಾಂಡಿಗಿ ಬಿಟ್ಟ ಬರ್ತೀನಿ" ಎಂದ.

"ಬ್ಯಾಡ್ರಿ" ಎಂದೆ.

"ಯಾಕ್ರಿ? ರವಿವಾರ ಪೇಟಿಗಿ ಹೋಗೂದೈತೇನು? ಅಲ್ಲೇ ಇಳಿಸ್ತೀನಿ ಬರ್ರಿ."

"ಬ್ಯಾಡ ಅಂದ್ನೆಲ್ರಿ. ನಡೀತೀನಿ."

ಅವನ ಮುಖದಲ್ಲಿ ಬೇಸರವಿರಲಿಲ್ಲ, ಏನೂ ತಿಳಿಯದ ಮನುಷ್ಯನ ಸಣ್ಣ ಗಾಬರಿ ಇತ್ತು. ಆ ಅಂಗಳದಲ್ಲಿ ನಿಂತು ನಾನು ಬೇಡ ಎಂದದ್ದು ಅದೇ ಮೊದಲು. ಬಸ್‌ಸ್ಟ್ಯಾಂಡಿನವರೆಗೆ ಬಿಸಿಲಲ್ಲಿ ಚೀಲ ಹಿಡಿದು ನಡೆದೆ, ಒಂದು ತಾಸಿನ ಮೇಲೆ ಹಿಡಿಯಿತು. ನಡೆದದ್ದರಿಂದ ಯಾರಿಗೂ ಏನೂ ಆಗಲಿಲ್ಲ.