ಮೋಟಾರಿನ ಕೂಗು ನಿಲ್ಲಿಸಿದ ಸೂಜಿಯಕ್ಕ

ವಿದ್ಯುತ್ ಸೈಕಲ್ಲಿನ ಮೋಟಾರು ತಯಾರಿಸುವ ಆ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಬಂದಾಗ ಅವಳ ವಯಸ್ಸು ನಲವತ್ತಾರು. ಅದಕ್ಕೂ ಮುಂಚೆ ಇಪ್ಪತ್ತೈದು ವರ್ಷ ಅಪ್ಪನ ಪಕ್ಕದಲ್ಲಿ ಕೂತು ಹೊಲಿಗೆ ಯಂತ್ರ ರಿಪೇರಿ ಮಾಡಿದವಳು. ಹಾಗಾಗಿ ಸೇರಿದ ವಾರದಲ್ಲೇ 'ಸೂಜಿಯಕ್ಕ' ಎಂಬ ಹೆಸರು ಅಂಟಿಕೊಂಡಿತು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಎಡಗಿವಿಯನ್ನು ಕಿತ್ತುಕೊಂಡು ಹೋಗಿತ್ತು. ಅರ್ಜಿಯಲ್ಲಿ ಅದನ್ನೂ ಮುಚ್ಚಿಡದೆ ಬರೆದಿದ್ದಳು. ಯಜಮಾನರು ಓದಿ ಹುಬ್ಬೇರಿಸಿದರು.

"ಒಂದೇ ಕಿವೀನಾ? ಹೇಳಿದ್ದೆಲ್ಲ ಕೇಳುತ್ತಾ?"

"ಎರಡಿರೋರು ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಬಿಡ್ತಾರೆ ಸಾರ್. ನನಗೆ ಬಿಡೋಕೆ ದಾರಿನೇ ಇಲ್ಲ."

ಯಜಮಾನರು ಬಿದ್ದು ಬಿದ್ದು ನಕ್ಕರು. ಕೆಲಸ ಸಿಕ್ಕಿತು.

ಪೆಡಲುಗಳ ನಡುವೆ ಕೂರುವ ಪುಟ್ಟ ಮೋಟಾರು ಅದು. ಅದರ ಗೇರುಗಳನ್ನು ಕೂರಿಸಿ, ಗ್ರೀಸು ಸವರಿ, ಅಲ್ಯೂಮಿನಿಯಂ ಮುಚ್ಚಳ ಹಾಕಿ ಆರು ಸ್ಕ್ರೂ ಬಿಗಿಯುವುದು ಅವಳ ಕೆಲಸ. ಮೂರು ವರ್ಷ ಅವಳ ಮೇಜಿನಿಂದ ಹೋದ ಒಂದು ಮೋಟಾರೂ ವಾಪಸು ಬರಲಿಲ್ಲ. ನಾಲ್ಕನೆಯ ವರ್ಷ ಹೊಸ ಮಾದರಿ ಬಂತು, ಬೆನ್ನಿಗೇ ದೂರೂ ಬಂತು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸೊಬ್ಬಳು ತನ್ನ ಸೈಕಲ್ಲನ್ನು ಸೀದಾ ಕಾರ್ಖಾನೆಯ ಗೇಟಿಗೇ ತಂದು ನಿಲ್ಲಿಸಿದಳು.

"ನಾನು ಬೀದಿ ತುದಿಗೆ ಬಂದ್ರೆ ಸಾಕು, ಮಲಗಿರೋ ರೋಗಿಗಳೆಲ್ಲ ಎದ್ದು ಕೂರ್ತಾರೆ. ಔಷಧಿಗಿಂತ ಇದೇ ವಾಸಿ ಅಂತಿದಾರೆ!"

ಎಲ್ಲರೂ ನಕ್ಕರು. ಅವಳು ಸೈಕಲ್ಲೇರಿ ಅಂಗಳದಲ್ಲಿ ಒಂದು ಸುತ್ತು ಹೊಡೆದಾಗ ಮಾತ್ರ ಯಾರ ಮುಖದಲ್ಲೂ ನಗು ಉಳಿಯಲಿಲ್ಲ. ನಿಧಾನಕ್ಕೆ ಹೋಗುವಾಗ ತೆಪ್ಪಗಿದ್ದ ಮೋಟಾರು, ತುಸು ವೇಗ ಹಿಡಿದದ್ದೇ ಕುಂಯ್ಯೆಂದು ಕೂಗಿಕೊಂಡಿತು. ಇನ್ನಷ್ಟು ವೇಗವಾದ ಮೇಲೆ ತಾನಾಗಿಯೇ ತಣ್ಣಗಾಯಿತು. ಆ ತಿಂಗಳಲ್ಲಿ ಇಂಥ ಮೂವತ್ತೆಂಟು ಸೈಕಲ್ಲುಗಳು ವಾಪಸು ಬಂದವು.

ಗೇರ್‌ಬಾಕ್ಸಿನ ಹೊಣೆ ಎಂಜಿನಿಯರ್ ಮೇಡಂ ಅವರದು. ಮೂವತ್ತು ದಾಟಿರದ ಗಟ್ಟಿಗಿತ್ತಿ. ಊಟ ನಿದ್ದೆ ಬಿಟ್ಟು ಸದ್ದಿನ ಬೆನ್ನು ಹತ್ತಿದರು. ಗೇರಿನ ಹಲ್ಲುಗಳನ್ನು ಮತ್ತೆ ನಯ ಮಾಡಿಸಿದರು, ದಪ್ಪ ಗ್ರೀಸು ತರಿಸಿದರು. ಸದ್ದು ಜಗ್ಗಲಿಲ್ಲ. ಉಕ್ಕಿನ ಗೇರೊಂದನ್ನು ತೆಗೆದು ನೈಲಾನಿನದು ಹಾಕಿಸಿದರು. ಹತ್ತು ದಿನ ಸದ್ದಿಲ್ಲ. ಹನ್ನೊಂದನೆಯ ದಿನ ಬಿಚ್ಚಿ ನೋಡಿದರೆ ಗೇರು ಹಲ್ಲುದುರಿ ಬೊಚ್ಚುಬಾಯಿಯಾಗಿತ್ತು. ಇನ್ನು ಹದಿನೈದು ದಿನದಲ್ಲಿ ಸರಿಹೋಗದಿದ್ದರೆ ಮೋಟಾರನ್ನು ಹೊರಗಿನಿಂದಲೇ ತರಿಸುವುದಾಗಿ ಯಜಮಾನರು ಹೇಳಿಬಿಟ್ಟರು. ಹಾಗೆಂದರೆ ಜೋಡಣೆಯ ಇಪ್ಪತ್ತೆರಡು ಜನ ಮನೆಗೆ ಹೋಗುವುದು ಎಂದೇ ಅರ್ಥ.

ಮರುದಿನ ಸೂಜಿಯಕ್ಕ ಪರೀಕ್ಷೆಯ ಮೇಜಿನ ಬಳಿ ಹೋದಳು. ಮೋಟಾರು ಕೂಗುತ್ತಿತ್ತು. ಕಿವಿ ಕೈಕೊಟ್ಟ ದಿನದಿಂದ ಯಂತ್ರಗಳನ್ನು ಬೆರಳಿನಿಂದ ಮುಟ್ಟಿ ಕೇಳುವುದು ಅವಳಿಗೆ ಅಭ್ಯಾಸವಾಗಿತ್ತು. ಅಂಗೈಯನ್ನು ಮುಚ್ಚಳದ ಮೇಲೆ ಒತ್ತಿದಳು. ಕೂಗು ಅರ್ಧಕ್ಕರ್ಧ ಇಳಿಯಿತು. ಕೈ ತೆಗೆದಳು. ಮತ್ತೆ ಕುಂಯ್.

"ಮೇಡಂ, ಕೂಗ್ತಿರೋದು ಗೇರಲ್ಲ, ಮುಚ್ಚಳ."

"ಅಕ್ಕಾ, ಮುಚ್ಚಳ ತಿರುಗೋದೇ ಇಲ್ವಲ್ಲ?"

"ತಿರುಗಬೇಕಾಗಿಲ್ಲ. ತಗಡಿನ ಮೇಜಿನ ಮೇಲೆ ಹೊಲಿಗೆ ಯಂತ್ರ ಇಟ್ರೆ ಅದರ ಅದುರಿಗೆ ಮೇಜೇ ಕೂಗುತ್ತೆ. ಹಲ್ಲಿಂದು ತಪ್ಪಾಗಿದ್ರೆ ವೇಗ ಹೆಚ್ಚಿದಷ್ಟೂ ಸದ್ದು ಹೆಚ್ಚಬೇಕಿತ್ತು. ಇದು ಒಂದೇ ವೇಗದಲ್ಲಿ ಯಾಕೆ ಕೂಗುತ್ತೆ ಹೇಳಿ?"

ಮೇಡಂ ತಾವೇ ಕೈಯಿಟ್ಟು ನೋಡಿದರು, ತೆಗೆದು ನೋಡಿದರು. ಆಮೇಲೆ ಸದ್ದಿನ ಮೀಟರು ತರಲು ಓಡಿದರು.

ಮುಚ್ಚಳ ಅದುರದಂತೆ ಅದರ ಒಳಮೈಗೆ ಉಬ್ಬುಪಟ್ಟಿಯಂಥ ಮೂರು ಏಣುಗಳನ್ನು ಸಮ ಅಂತರದಲ್ಲಿ ಕೂಡಿಸಿ ಹೊಸದು ಎರಕ ಹೊಯ್ಯಿಸಿದರು. ಅಷ್ಟರಲ್ಲಿ ಎಂಟು ದಿನ ಕಳೆದಿತ್ತು. ಅದನ್ನು ಹಾಕಿದ ಮೋಟಾರಿನ ಸುತ್ತ ಎಲ್ಲರೂ ನಿಂತರು. ಮೊದಲು ಕೂಗುತ್ತಿದ್ದ ವೇಗದಲ್ಲಿ ಮೋಟಾರು ಮೌನವಾಗಿತ್ತು. ಅದಕ್ಕಿಂತ ಚೂರು ಹೆಚ್ಚಿನ ವೇಗದಲ್ಲಿ ಮತ್ತೆ ಅದೇ ರಾಗ ಎಳೆಯಿತು. "ಪೀಡೆ ಹೋಗಿಲ್ಲ, ಮನೆ ಬದಲಾಯಿಸಿದೆ ಅಷ್ಟೆ," ಎಂದು ಯಾರೋ ಗೊಣಗಿದರು. ಸೂಜಿಯಕ್ಕನಿಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ಅಂದು ಸಂಜೆ ಅಪ್ಪನ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದಳು. ಆತ ಕನ್ನಡಕದ ಮೇಲಿನಿಂದ ನೋಡಿ, "ಎಲ್ಲಿ ಅದುರುತ್ತೆ ಅಂತ ನೋಡಿದ್ಯಾ, ಅಂದಾಜಿನ ಮೇಲೆ ಹಾಕಿದ್ಯಾ?" ಎಂದು ಕೇಳಿದ.

ಬೆಳಗ್ಗೆ ಅವಳ ಚೀಲದಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವಿತ್ತು. ಅದನ್ನು ಪುಡಿ ಮಾಡಿ, ಏಣುಗಳಿಲ್ಲದ ಹಳೆಯ ಮುಚ್ಚಳ ಹಾಕಿದ ಮೋಟಾರನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಮುಚ್ಚಳದ ಮೇಲೆ ತೆಳ್ಳಗೆ ಉದುರಿಸಿದಳು. ಮೇಡಂ ವೇಗ ಏರಿಸುತ್ತಾ ಹೋದರು. ಕೂಗು ಶುರುವಾದ ಗಳಿಗೆಗೆ ಪುಡಿಗೆ ಜೀವ ಬಂತು. ಕುಣಿಕುಣಿದು ಒಂದು ಕಡೆಯಿಂದ ಪೂರಾ ಜಾಗ ಖಾಲಿ ಮಾಡಿ, ಪಕ್ಕದಲ್ಲಿ ಸಣ್ಣ ದಿಬ್ಬವಾಗಿ ನಿಂತಿತು. ಹೆಚ್ಚು ಅದುರಿ ಖಾಲಿಯಾದ ಆ ಜಾಗ ಮುಚ್ಚಳದ ನಡುವಿನಲ್ಲಿರಲಿಲ್ಲ. ಎರಡನೆಯ ಮತ್ತು ಮೂರನೆಯ ಸ್ಕ್ರೂಗಳ ನಡುವೆ, ಅಂಚಿನ ಹತ್ತಿರವಿತ್ತು.

"ಏಣು ಅಲ್ಲಿ ಬೇಕು ಮೇಡಂ. ಎರಡು. ಒಂದು ಉದ್ದ, ಒಂದು ಗಿಡ್ಡ. ಸಮ ಬೇಡ."

"ಸಮ ಹಾಕಿದ್ದೇ ತಪ್ಪಾಯ್ತು," ಎಂದ ಮೇಡಂ ಅಲ್ಲೇ ನಿಂತು ಗೆರೆ ಎಳೆದರು.

ಹದಿನಾಲ್ಕನೆಯ ದಿನ ಎರಕದ ಬಿಸಿ ಆರುವಷ್ಟರಲ್ಲಿ ಸೂಜಿಯಕ್ಕ ತಾನೇ ಆ ಮುಚ್ಚಳ ಬಿಗಿದಳು. ಯಜಮಾನರೂ ಬಂದು ನಿಂತರು. ಮೋಟಾರು ಕೆಳಗಿನಿಂದ ಮೇಲಿನವರೆಗೆ ಎಲ್ಲ ವೇಗವನ್ನೂ ಮುಟ್ಟಿ ಬಂತು. ಉಸಿರೆಳೆದಂಥ ಸುಯ್ ಬಿಟ್ಟರೆ ಬೇರೆ ಸದ್ದಿಲ್ಲ. ಗೇರುಗಳು ಅವೇ, ಗ್ರೀಸೂ ಅದೇ. ಮೀಟರಿನಲ್ಲಿ ಸದ್ದು ಒಂಬತ್ತು ಡೆಸಿಬಲ್ ಇಳಿದಿತ್ತು. ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಇಪ್ಪತ್ತೆರಡು ಜನರ ಚಪ್ಪಾಳೆಯಲ್ಲಿ ಅದು ಮುಳುಗಿಹೋಯಿತು.

ಮುಂದಿನ ವಾರ ಮೇಡಂ ಹೊಸ ಮುಚ್ಚಳದ ನಕ್ಷೆಯನ್ನು ಅವಳ ಮೇಜಿಗೆ ತಂದರು. ಮೂಲೆಯ ಚೌಕದಲ್ಲಿ 'ವಿನ್ಯಾಸ' ಎಂಬುದರ ಎದುರು ಎರಡು ಹೆಸರುಗಳಿದ್ದವು. ಮೊದಲನೆಯದು ಅವಳದೇ, ಅಪ್ಪ ಇಟ್ಟ ಪೂರ್ತಿ ಹೆಸರು. ಕಾರ್ಖಾನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಮೇಡಂ ಅವಳ ಅರ್ಜಿ ಹುಡುಕಿಸಿ ತೆಗೆದಿದ್ದರು.

"ಇಲ್ಲಿ ಸಹಿ ಮಾಡಿ ಅಕ್ಕಾ."

ಸೂಜಿಯಕ್ಕ ಕೈಯ ಗ್ರೀಸನ್ನು ಎರಡೆರಡು ಸಲ ಒರೆಸಿಕೊಂಡಳು. ಪೆನ್ನು ಹಿಡಿದು, ಒಂದೊಂದೇ ಅಕ್ಷರ ತಿದ್ದಿದಂತೆ ಬರೆದಳು. ಸಹಿ ಚೌಕದಲ್ಲಿ ಹಿಡಿಸದೆ ಗೆರೆ ದಾಟಿ ಆಚೆ ಹೋಯಿತು.

"ಹೊರಗೆ ಹೋಯ್ತಲ್ಲಾ ಮೇಡಂ!"

"ಹೋಗಲಿ ಬಿಡಿ. ಗೆರೆನೇ ಆಚೆ ಸರಿಸೋಣ," ಎಂದರು ಮೇಡಂ.